ಉಳಿದ ಐವತ್ತೆಂಟು ಕಿಲೋಮೀಟರ್

ಕರಪತ್ರವನ್ನು ಮನೆಗೆ ತಂದವನು ಮೋಹಿತ್. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಬಂಗುಡೆ ಸಾರಿನ ಕೈಯನ್ನು ಲುಂಗಿಗೆ ಒರೆಸಿಕೊಂಡು, ಜೇಬಿನಿಂದ ಕಾಗದ ತೆಗೆದು ತಂಗಿಯ ತಟ್ಟೆಯ ಪಕ್ಕ ಇಟ್ಟ.

"ನೋಡು, ಫೆಬ್ರವರಿ ಕೊನೇ ಭಾನುವಾರ. ಈ ಸಲ ನಮ್ಮೂರಲ್ಲೇ ಸೈಕಲ್ ರೇಸು."

ದೀಪಶ್ರೀ ಎಡಗೈಯಲ್ಲಿ ಕಾಗದ ಎತ್ತಿ ಓದಿದಳು. ಕೊಪ್ಪದಿಂದ ಶೃಂಗೇರಿ, ಅಲ್ಲಿಂದ ವಾಪಸ್ ಕೊಪ್ಪ. ಮತ್ತೆ ನರಸಿಂಹರಾಜಪುರ, ಮತ್ತೆ ಕೊಪ್ಪ. ಒಟ್ಟು ನೂರು ಕಿಲೋಮೀಟರ್. ಐದು ಗಂಟೆಯೊಳಗೆ ಮುಗಿಸಿದವರಿಗೆಲ್ಲ ಪ್ರಮಾಣಪತ್ರ. ಇದು ಪುರುಷರಿಗೆ. ಕೆಳಗೆ ಸಣ್ಣ ಅಕ್ಷರದಲ್ಲಿ ಮಹಿಳೆಯರ ಸಾಲು ಇತ್ತು: ಕೊಪ್ಪ, ನರಸಿಂಹರಾಜಪುರ, ಕೊಪ್ಪ. ನಲವತ್ತೆರಡು. ಬಹುಮಾನವೂ ಅರ್ಧಕ್ಕಿಂತ ಕಡಿಮೆ.

"ಉಳಿದ ಐವತ್ತೆಂಟು ಎಲ್ಲಿ ಹೋಯ್ತು?" ಎಂದಳು.

"ಎಂತದು?" ಅಪ್ಪ ಯೋಗೇಶ ತಲೆಯೆತ್ತಿದ.

"ನೂರರಲ್ಲಿ ನಲವತ್ತೆರಡು ಕಳೆದ್ರೆ ಐವತ್ತೆಂಟು. ಶೃಂಗೇರಿ ರಸ್ತೇನೇ ನಮಗಿಲ್ಲ."

"ಆ ರಸ್ತೇಲಿ ನಾನು ದಿನಾ ಬಸ್ ಓಡಿಸ್ತೀನಿ. ಏರು ಬಂದ್ರೆ ಬಸ್ಸಿಗೇ ಉಬ್ಬಸ. ನಲವತ್ತೆರಡು ಸಾಲದಾ ನಿಂಗೆ?"

"ಅಣ್ಣನಿಗೆ ಸಾಲ್ತದಾ?"

ಮೋಹಿತ್ ನಕ್ಕು ಮೀನಿನ ಮುಳ್ಳು ಬಿಡಿಸತೊಡಗಿದ. ಯೋಗೇಶ ಕರಪತ್ರವನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ರೇಸ್ ಸಮಿತಿಯ ಅಧ್ಯಕ್ಷರ ಫೋಟೋ ಇತ್ತು. ಸುಂದರೇಶ್. ಯೋಗೇಶ ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದ ಖಾಸಗಿ ಬಸ್ಸಿನ ಮಾಲೀಕರು ಅವರೇ. ಅವನು ಕಾಗದವನ್ನು ಮೆಲ್ಲಗೆ ಮಡಿಸಿ ಮಗನ ಕಡೆ ತಳ್ಳಿದ.

"ಕೊಟ್ಟಿದ್ದರಲ್ಲಿ ಚೆನ್ನಾಗಿ ಹೊಡಿ. ಇಲ್ಲದ ತಕರಾರು ಬೇಡ."

"ಮೊದಲು ತಟ್ಟೆ ಎತ್ತಿ. ಮಾತು ಆಮೇಲೆ," ಎಂದಳು ತಾಯಿ ಸುಮಲತಾ. ದೀಪಶ್ರೀ ಎದ್ದು ಐದೂ ತಟ್ಟೆಗಳನ್ನು ಒಟ್ಟು ಮಾಡಿಕೊಂಡು ಹಿತ್ತಿಲಿಗೆ ಹೋದಳು. ಮೋಹಿತ್ ಕೈ ತೊಳೆದು ಬಂದು ಚಾಪೆಯ ಮೇಲೆ ಅಡ್ಡಾದ.

ಅಣ್ಣ ತಂಗಿ ಇಬ್ಬರಿಗೂ ಸೈಕಲ್ಲಿನ ಹುಚ್ಚು. ಇಪ್ಪತ್ತಮೂರರ ಮೋಹಿತ್ ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತ, ಎರಡು ವರ್ಷ ದುಡಿದು ಹಳೆಯದೊಂದು ರೇಸಿನ ಸೈಕಲ್ ಕೊಂಡಿದ್ದ. ಇಪ್ಪತ್ತರ ದೀಪಶ್ರೀ ಕೊಪ್ಪದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನವರು ಕೊಟ್ಟ ಗೇರಿನ ಸೈಕಲ್ಲಿನಲ್ಲಿ ಹಿಂದಿನ ವರ್ಷ ವಿಶ್ವವಿದ್ಯಾಲಯಕ್ಕೇ ಮೂರನೆಯವಳಾಗಿದ್ದಳು. ಈ ರೇಸಿನಲ್ಲಿ ಮೊದಲ ಸ್ಥಾನದ ಪ್ರಮಾಣಪತ್ರ ಸಿಕ್ಕರೆ ರಾಜ್ಯದ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಬಹುದಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಜನವರಿಯ ಚಳಿಯಲ್ಲಿ ಇಬ್ಬರೂ ಐದೂವರೆಗೆ ಎದ್ದು ಹೊರಡುತ್ತಿದ್ದರು. ಎಂಟರೊಳಗೆ ಬಂದರೆ ಮೋಹಿತ್ ನೇರ ಬಚ್ಚಲಿಗೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಶಾಂತಕ್ಕ ಅವನ ತಟ್ಟೆಗೆ ನಾಲ್ಕು ನೀರುದೋಸೆ, ಎರಡು ಬೇಯಿಸಿದ ಮೊಟ್ಟೆ ಹಾಕಿರುತ್ತಿದ್ದಳು. ದೀಪಶ್ರೀ ಬೆವರು ಬಟ್ಟೆಯಲ್ಲೇ ಕೊಡ ಹಿಡಿದು ಬೀದಿಯ ನಲ್ಲಿಗೆ ಓಡಬೇಕು. ನೀರು ಬರುವುದು ಎಂಟರಿಂದ ಎಂಟೂವರೆವರೆಗೆ. ಆಮೇಲೆ ಅಂಗಳ, ಪಾತ್ರೆ. ಅಷ್ಟರಲ್ಲಿ ಮೊಟ್ಟೆ ಒಂದು ಉಳಿದಿದ್ದರೆ ಅವಳದ್ದು.

ಸುಮಲತಾ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಒಂಬತ್ತಕ್ಕೆ ಅವಳು ಒಲೆಯ ಮುಂದೆ ಇರಬೇಕು.

ಒಂದು ಗುರುವಾರ ದೀಪಶ್ರೀ ಬಂದದ್ದು ಒಂಬತ್ತಕ್ಕೆ. ಆ ದಿನ ಒಬ್ಬಳೇ ಶೃಂಗೇರಿ ಮುಟ್ಟಿ ಬಂದಿದ್ದಳು. ಅಂಗಳದಲ್ಲಿ ಖಾಲಿ ಕೊಡಗಳು ಸಾಲಾಗಿ ನಿಂತಿದ್ದವು. ಸುಮಲತಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲೇ ಕಾದಿದ್ದಳು.

"ನೀರು ಹೋಯ್ತು. ನಾನು ಹಿಡಿದಿದ್ದು ಎರಡೇ ಕೊಡ. ಎಲ್ಲಿ ಸತ್ತಿದ್ದೆ?"

"ಶೃಂಗೇರಿವರೆಗೆ ಹೋಗಿದ್ದೆ. ಅಣ್ಣ ಮನೇಲೇ ಇದ್ನಲ್ಲ ಅಮ್ಮ."

"ಅವನಿಗೆ ಅಂಗಡಿ ಇದೆ."

"ನಂಗೆ ಕಾಲೇಜಿಲ್ವಾ?"

"ನಂಗೆ ತೊಂಬತ್ತು ಮಕ್ಕಳ ಒಲೆ ಇದೆ!" ಸುಮಲತಾ ಕಿರುಚಿದಳು. "ನಿನ್ನೆ ಹೆಡ್ಮಾಸ್ಟರು ಗಡಿಯಾರ ತೋರಿಸಿ ಮಾತಾಡಿದ್ರು. ಅಲ್ಲೂ ನಾನೇ ಬೇಯಿಸ್ಬೇಕು, ಇಲ್ಲೂ ನಾನೇ ನೀರು ಹೊರಬೇಕು. ನೀನು ನೂರು ಹೊಡಿ, ಇನ್ನೂರು ಹೊಡಿ. ಆ ಹೊತ್ತಿನ ಕೆಲಸ ಮಾಡೋರು ಯಾರು, ಅದನ್ನ ಹೇಳು."

ತಾಯಿಯ ಕಣ್ಣಲ್ಲಿ ನೀರು ನೋಡಿ ದೀಪಶ್ರೀ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಂದು ಖಾಲಿ ಕೊಡ ಎತ್ತಿಕೊಂಡಳು.

ಒಳಗೆ ದೋಸೆ ತಿನ್ನುತ್ತಿದ್ದ ಮೋಹಿತ್‌ನ ಮುಂದಿನಿಂದ ಶಾಂತಕ್ಕ ತಟ್ಟೆ ಎಳೆದುಕೊಂಡಳು.

"ಎಂತ ಅಜ್ಜಿ?"

"ಮೂವತ್ತು ವರ್ಷ ತೋಟದಲ್ಲಿ ಗೊಬ್ಬರ ಹೊತ್ತೆ ನಾನು. ಗಂಡಸರ ಬುಟ್ಟಿನೂ ಅಷ್ಟೇ, ನಮ್ಮದೂ ಅಷ್ಟೇ. ಕೂಲಿ ಮಾತ್ರ ನಮಗೆ ಕಡಿಮೆ. ಕೇಳಿದ್ರೆ, ನಿಮಗೆ ಬೇಗ ಸುಸ್ತಾಗ್ತದೆ ಶಾಂತಕ್ಕ ಅಂತಿದ್ರು. ಮನೆಗೆ ಬಂದ್ಮೇಲೆ ಅವರು ಜಗಲಿ ಮೇಲೆ ಕೂರೋರು, ನಾವು ಒಲೆ ಹಚ್ಚೋರು. ಇವತ್ತಿಗೂ ಅದೇ ಕಥೆ ನಡೀತಾ ಇದೆ, ನಾನೇ ನಿನಗೆ ದೋಸೆ ಹಾಕ್ಕೊಂಡು ಕೂತಿದೀನಿ. ಏಳು. ಕೆಳಗಿನ ಬಾವಿಗೆ ಹೋಗಿ ನಾಲ್ಕು ಕೊಡ ತಾ. ಆಮೇಲೆ ತಿನ್ನು."

"ಅಂಗಡಿಗೆ ತಡ ಆಗ್ತದೆ ಅಜ್ಜಿ."

"ನಿನ್ನವ್ವಂಗೂ ತಡ ಆಗಿದೆ."

ಮೋಹಿತ್ ಗೊಣಗುತ್ತ ಎದ್ದ. ಮರುದಿನದಿಂದ ಸೋಮ, ಬುಧ, ಶುಕ್ರ ನೀರು ಅವನದ್ದು ಎಂದು ಅಜ್ಜಿಯೇ ತೀರ್ಮಾನ ಕೊಟ್ಟಳು. ಮೊದಲ ದಿನ ನಲ್ಲಿಯ ಬಳಿ ಪಕ್ಕದ ಮನೆಯ ಯಲ್ಲಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಎಂತ ಮಾರಾಯಾ, ತಂಗಿಗೆ ಮದುವೆ ಮಾಡಿ ಕಳಿಸಿಬಿಟ್ರಾ?"

"ಇಲ್ಲ ಯಲ್ಲಕ್ಕ. ಅವಳು ಸೈಕಲ್ ಹೊಡೆಯಕ್ಕೆ ಹೋಗಿದಾಳೆ."

"ಮತ್ತೆ ನೀನು?"

"ನಾನು ಹೊಡೆದು ಬಂದೆ," ಎಂದು ಕೊಡವನ್ನು ಹೆಗಲಿಗೇರಿಸಿದ. ಮೊದಲ ವಾರ ಅರ್ಧ ನೀರು ದಾರಿಯಲ್ಲೇ ಚೆಲ್ಲುತ್ತಿತ್ತು. ಎರಡನೇ ವಾರ ಕಡಿಮೆಯಾಯಿತು.

ಜನವರಿ ಕೊನೆಗೆ ದೀಪಶ್ರೀ ಒಂದು ಅರ್ಜಿ ಬರೆದು ಬಸ್ ನಿಲ್ದಾಣದ ಮೇಲಿನ ಸುಂದರೇಶರ ಆಫೀಸಿಗೆ ಹೋದಳು. ಅವರು ಒಳ್ಳೆಯ ಮಾತಿನವರು. ಕೂರಿಸಿ ಕಾಫಿ ತರಿಸಿದರು, ಅರ್ಜಿಯನ್ನು ಎರಡು ಸಲ ಓದಿದರು.

"ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮಗಾ. ಆ ರಸ್ತೇಲಿ ತಿರುವು ಜಾಸ್ತಿ. ಹೆಣ್ಣುಮಕ್ಕಳಿಗೆ ಎಂತಾದ್ರೂ ಆದ್ರೆ ಜನ ನನ್ನ ಕೇಳ್ತಾರೆ."

"ಗಂಡಸರಿಗೆ ಆದ್ರೆ ಕೇಳಲ್ವಾ ಸಾರ್?"

"ಅವರು ಹೆಂಗೋ ಸುಧಾರಿಸ್ಕೊಳ್ತಾರೆ."

"ನಾನು ವಾರಕ್ಕೆರಡು ಸಲ ಶೃಂಗೇರಿಗೆ ಹೋಗಿ ಬರ್ತಿದೀನಿ. ನೂರು ಕಿಲೋಮೀಟರೂ ಒಂದು ಸಲ ಮುಗಿಸಿದೀನಿ."

"ನೀನು ಒಬ್ಬಳು ಮುಗಿಸ್ತೀಯ. ಬೇರೆಯವರು? ಹತ್ತು ಗಂಟೆಗೆ ಮುಖ್ಯ ಅತಿಥಿಗಳು ಬರ್ತಾರೆ, ಅಷ್ಟರೊಳಗೆ ನಿಮ್ಮದು ಮುಗಿದ್ರೆ ಬಹುಮಾನ ಕೊಡ್ಸೋಕೆ ಅನುಕೂಲ. ಮುಂದಿನ ವರ್ಷ ನೋಡೋಣ," ಎಂದು ಅರ್ಜಿಯನ್ನು ಮೇಜಿನ ಗಾಜಿನ ಕೆಳಗೆ ತೂರಿಸಿದರು.

ಮರುದಿನ ಬಸ್ ಹೊರಡುವ ಹೊತ್ತಿಗೆ ಅವರು ಯೋಗೇಶನ ಕಿಟಕಿಯ ಬಳಿ ಬಂದು ನಗುತ್ತಲೇ ಹೇಳಿದರು. "ನಿನ್ನ ಮಗಳು ಭಾರಿ ಲಾಯರು ಮಾರಾಯ. ಸ್ವಲ್ಪ ಹಿಡಿತದಲ್ಲಿಡು."

ಯೋಗೇಶ ಆ ದಿನ ಸಂಜೆ ಚಹಾ ಲೋಟ ಮುಟ್ಟಲಿಲ್ಲ.

"ನಾನು ಅವರ ಬಸ್ ಓಡಿಸಿ ನಿಮ್ಮನ್ನ ಸಾಕಿದೀನಿ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ದೀಪಾ."

"ನಾನು ಅವರನ್ನ ಬೈದಿಲ್ಲ ಅಪ್ಪ. ಕೇಳಿದೆ ಅಷ್ಟೇ."

"ಕೇಳಿದ್ದೂ ಸಾಕು."

ಅವಳು ನಲವತ್ತೆರಡಕ್ಕೇ ಹೆಸರು ಕೊಟ್ಟಳು. ಆಮೇಲೆ ಮನೆಯಲ್ಲಿ ಆ ಮಾತು ಎತ್ತಲಿಲ್ಲ. ಆದರೆ ಶೃಂಗೇರಿ ರಸ್ತೆಯ ಅಭ್ಯಾಸ ಬಿಡಲಿಲ್ಲ.

ರೇಸಿನ ದಿನ ಬಸ್ ನಿಲ್ದಾಣದ ಮುಂದೆ ಬಟ್ಟೆಯ ಕಮಾನು ಕಟ್ಟಿದ್ದರು. ಆರೂವರೆಗೆ ಅರವತ್ತೊಂದು ಗಂಡಸರು ಮಂಜಿನೊಳಗೆ ಶೃಂಗೇರಿಯ ಕಡೆ ಹೊರಟರು. ಅವರ ಹಿಂದೆ ಸಮಿತಿಯ ವ್ಯಾನು. ಸುಸ್ತಾದವರನ್ನು ಹತ್ತಿಸಿಕೊಂಡು ಬರುವ ಆ ವ್ಯಾನಿಗೆ ಸುಂದರೇಶರು ಯೋಗೇಶನನ್ನೇ ಹಾಕಿದ್ದರು. ಎಂಟಕ್ಕೆ ಹತ್ತೊಂಬತ್ತು ಹೆಣ್ಣುಮಕ್ಕಳು ನರಸಿಂಹರಾಜಪುರದ ಕಡೆ ಹೊರಟರು.

ಮೋಹಿತ್ ಶೃಂಗೇರಿಯವರೆಗೆ ಚೆನ್ನಾಗಿಯೇ ಹೋದ. ವಾಪಸು ಬರುವಾಗ ಹರಿಹರಪುರ ದಾಟಿದ ಏರಿನಲ್ಲಿ ಅವನ ಎರಡೂ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡವು. ರಸ್ತೆಯ ಬದಿ ಬಿದ್ದುಕೊಂಡು ಅತ್ತ. ಹಿಂದಿನಿಂದ ಬಂದ ವ್ಯಾನಿನಿಂದ ಇಳಿದ ಅಪ್ಪ ಅವನ ಕಾಲು ತಿಕ್ಕಿ, ಎತ್ತಿ ಕೂರಿಸಿ, ಸೈಕಲ್ಲನ್ನು ಹಿಂದೆ ಹಾಕಿಕೊಂಡ. ಕೊಪ್ಪದಲ್ಲಿ ಅವನನ್ನು ಶಾಮಿಯಾನದ ಕೆಳಗೆ ಕೂರಿಸಿದಾಗ ಸಮಿತಿಯವರೊಬ್ಬರು ಎಳನೀರು ಕೊಟ್ಟು ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡ. ಮುಂದಿನ ಸಲ ಹೊಡಿತೀಯ."

ನರಸಿಂಹರಾಜಪುರದ ಕಡೆಗೆ ಇನ್ನೊಂದು ವ್ಯಾನು ಹೋಗಿದ್ದರಿಂದ ಯೋಗೇಶನೂ ಅಲ್ಲೇ ನಿಂತ.

ಒಂಬತ್ತು ನಲವತ್ತಕ್ಕೆ ದೀಪಶ್ರೀ ಬಂದಳು. ಒಬ್ಬಳೇ. ಎರಡನೆಯವಳು, ನೆಮ್ಮಾರಿನ ಅರ್ಪಣಾ ಎಂಬ ಹುಡುಗಿ, ತಿರುವಿನಲ್ಲಿ ಇನ್ನೂ ಕಾಣುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸುಂದರೇಶರು ಹಾರ ಹಿಡಿದು ಮುಂದೆ ಬಂದರು. ದೀಪಶ್ರೀ ಕಮಾನಿನ ಕೆಳಗೆ ಹಾದಳು, ಹಾರದ ಪಕ್ಕದಲ್ಲೇ ಹಾದಳು, ಬ್ರೇಕು ಹಿಡಿಯಲಿಲ್ಲ. ಎಡಕ್ಕೆ ವಾಲಿ ಶೃಂಗೇರಿ ರಸ್ತೆಗೆ ತಿರುಗಿದಳು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೈಕಿನವನು "ನಿಲ್ಲಬೇಕು, ನಿಲ್ಲಬೇಕು, ಇಲ್ಲಿಗೇ ಮುಕ್ತಾಯ" ಎಂದು ಕೂಗಿದ.

"ಯೋಗೇಶ!" ಸುಂದರೇಶರ ಮುಖ ಕೆಂಪಾಗಿತ್ತು. "ಅತಿಥಿಗಳು ಬರೋ ಹೊತ್ತು. ವ್ಯಾನು ತಗೊಂಡು ಹೋಗು. ಅವಳನ್ನ ಹತ್ತಿಸ್ಕೊಂಡು ಬಾ."

ಯೋಗೇಶ ಓಡಿದ. ಮೋಹಿತ್ ಕುಂಟುತ್ತ ಬಂದು ಪಕ್ಕದ ಸೀಟು ಹತ್ತಿದ. ಕೈಗೆ ಸಿಕ್ಕ ಬಾಳೆಹಣ್ಣಿನ ಚಿಪ್ಪು, ನೀರಿನ ಬಾಟಲಿಗಳನ್ನು ತಬ್ಬಿಕೊಂಡಿದ್ದ.

"ಇದೆಲ್ಲ ಎಂತಕ್ಕೆ?" ಎಂದ ಯೋಗೇಶ.

"ಅವಳು ತಿಂದಿದ್ದು ಬೆಳಿಗ್ಗೆ ಆರಕ್ಕೆ ಅಪ್ಪ."

ಹರಿಹರಪುರಕ್ಕೆ ಮುಂಚೆ ಸಿಕ್ಕಳು. ರಸ್ತೆಯಲ್ಲಿ ಈಗ ಪೊಲೀಸರಿರಲಿಲ್ಲ. ಪ್ರವಾಸಿಗರ ಕಾರುಗಳು ಹಾರನ್ ಹೊಡೆಯುತ್ತ ಅವಳನ್ನು ಒತ್ತಿಕೊಂಡು ಹೋಗುತ್ತಿದ್ದವು. ಯೋಗೇಶ ವ್ಯಾನನ್ನು ಪಕ್ಕಕ್ಕೆ ತಂದು ಕಿಟಕಿಯಿಂದ ಕೂಗಿದ.

"ದೀಪಾ, ಸಾಕು. ಹತ್ತು."

"ಇಲ್ಲ ಅಪ್ಪ."

"ಸುಂದರೇಶಣ್ಣ ಕಾಯ್ತಿದಾರೆ!"

"ನಾನು ಮುಗಿಸಿ ಬರ್ತೀನಿ ಅಂತ ಹೇಳಿ." ಅವಳ ಉಸಿರು ಎರಡು ಮಾತಿನ ನಡುವೆ ಕತ್ತರಿಸುತ್ತಿತ್ತು. ಆದರೆ ಕಾಲು ನಿಂತಿರಲಿಲ್ಲ. "ನೀವು ಹೋಗಿ ಅಪ್ಪ. ನಿಮಗೆ ತೊಂದರೆ ಆಗೋದು ಬೇಡ."

ಅಷ್ಟರಲ್ಲಿ ಹಿಂದಿನಿಂದ ಬಂದ ಜೀಪೊಂದು ಉದ್ದಕ್ಕೆ ಹಾರನ್ ಬಾರಿಸಿ ಅವಳ ಮೊಣಕೈಗೆ ಗೇಣು ಅಂತರದಲ್ಲಿ ನುಗ್ಗಿತು. ಸೈಕಲ್ಲು ಮಣ್ಣಿಗಿಳಿದು ಓಲಾಡಿ ಮತ್ತೆ ಡಾಂಬರಿಗೆ ಹತ್ತಿತು. ಯೋಗೇಶ ಬೈದ. ಆಮೇಲೆ ವ್ಯಾನಿನ ವೇಗ ಇಳಿಸಿ, ಅವಳ ಹಿಂದಕ್ಕೆ ಬಂದು, ನಾಲ್ಕೂ ಮಿಣುಕು ದೀಪ ಹಾಕಿದ. ರಸ್ತೆಯ ಅರ್ಧ ಈಗ ಅವಳದ್ದಾಯಿತು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಯೋಗೇಶ ತೆಗೆದು ನೋಡಿ ಮಗನ ಕೈಗೆ ಕೊಟ್ಟ.

"ಎತ್ಲಾ?" ಎಂದ ಮೋಹಿತ್.

"ಬೇಡ. ಹಣ್ಣು ಸುಲಿದು ಕೊಡು ಅವಳಿಗೆ."

ಏರು ಬಂದಲ್ಲೆಲ್ಲ ಯೋಗೇಶ ತನಗೇ ಗೊತ್ತಿಲ್ಲದೆ ಗೇರು ಬದಲಾಯಿಸುವ ಹೊತ್ತಿಗೆ ಅವಳೂ ಬದಲಾಯಿಸುತ್ತಿದ್ದಳು. ಯಾವ ತಿರುವಿನಲ್ಲಿ ಎಷ್ಟು ಕಡಿಮೆ ಮಾಡಬೇಕು, ಎಲ್ಲಿ ಬಿಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ತಾನು ಓಡಿಸಿದ ರಸ್ತೆಯನ್ನು ಮಗಳು ಇಷ್ಟು ಬಲ್ಲಳೆಂದು ಯೋಗೇಶ ಅಂದುಕೊಂಡಿರಲಿಲ್ಲ. ಶೃಂಗೇರಿಯಲ್ಲಿ ಅವಳು ತಿರುಗಿ ಬರುವಾಗ ಮುಖ ಬಿಳುಪೇರಿತ್ತು. ಬೆಳಿಗ್ಗೆ ತಾನು ಬಿದ್ದ ಏರು ಬಂದಾಗ ಮೋಹಿತ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ.

"ಇದೊಂದೇ ದೀಪಾ. ಇದೊಂದು ದಾಟಿದ್ರೆ ಆಯ್ತು."

ಅವಳು ಸೀಟಿನಿಂದ ಎದ್ದು ನಿಂತು ತುಳಿದಳು. ದಾಟಿದಳು.

ಕೊಪ್ಪ ತಲುಪಿದಾಗ ಹನ್ನೆರಡೂವರೆ ಮೀರಿತ್ತು. ಅತಿಥಿಗಳು ಹೋಗಿದ್ದರು. ಹುಡುಗರು ಕಮಾನಿನ ಹಗ್ಗ ಬಿಚ್ಚುತ್ತಿದ್ದರು. ಒಂದು ಬದಿ ಆಗಲೇ ನೆಲಕ್ಕೆ ಒರಗಿತ್ತು. ಹಣ್ಣಿನ ಅಂಗಡಿಯವರು, ಆಟೋದವರು ಎದ್ದು ನಿಂತರು. ದೀಪಶ್ರೀ ಉಳಿದ ಅರ್ಧ ಕಮಾನಿನ ಕೆಳಗೆ ಹಾದು, ಸೈಕಲ್ಲಿನಿಂದ ಇಳಿದು, ಅಲ್ಲೇ ರಸ್ತೆಯಲ್ಲಿ ಕೂತಳು. ಮೋಹಿತ್ ಫೋನು ನೋಡಿ ಎಲ್ಲರಿಗೂ ಕೇಳುವಂತೆ ಕೂಗಿದ.

"ನಾಲ್ಕು ಗಂಟೆ ಮೂವತ್ತನಾಲ್ಕು ನಿಮಿಷ!"

ಗಂಡಸರ ಪಟ್ಟಿ ಗೋಡೆಗೆ ಅಂಟಿಸಿದ್ದರು. ನಲವತ್ತೇಳು ಜನ ಮುಗಿಸಿದ್ದರು. ಅವಳ ಹೊತ್ತನ್ನು ಅಲ್ಲಿ ಬರೆದಿದ್ದರೆ ಹತ್ತೊಂಬತ್ತನೆಯದು. ಯಾರೂ ಬರೆಯಲಿಲ್ಲ.

ಮನೆಯಲ್ಲಿ ಸುಮಲತಾ ಏನೂ ಕೇಳಲಿಲ್ಲ. ಸುದ್ದಿ ಯಲ್ಲಕ್ಕನ ಬಾಯಿಂದ ಮೊದಲೇ ಬಂದಿತ್ತು. ಹಂಡೆಯಿಂದ ಬಿಸಿನೀರು ತೋಡಿಕೊಟ್ಟಳು, ತಟ್ಟೆಗೆ ಅನ್ನ ಬಡಿಸಿ ಬಟ್ಟಲು ತುಂಬ ಹುರುಳಿ ಸಾರು ಇಟ್ಟಳು.

"ಬೈಯಲ್ವಾ ಅಮ್ಮ?" ಎಂದಳು ದೀಪಶ್ರೀ.

"ಉಣ್ಣು ಮೊದಲು. ಬೈಯಕ್ಕೆ ಇಡೀ ವಾರ ಇದೆ."

ಮರುದಿನ ಶಾಲೆಯಲ್ಲಿ ಸಾರು ಬಡಿಸುವಾಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟೆ ಚಾಚಿಕೊಂಡು ಕೇಳಿದಳು. "ಆಂಟಿ, ನಿಲ್ಲದೇ ಹೋದ್ರಲ್ಲ, ಆ ಅಕ್ಕ ನಿಮ್ಮ ಮಗಳಾ?" ಹಿಂದಿದ್ದ ಮೂವರು ಹುಡುಗಿಯರು ಕತ್ತು ಉದ್ದ ಮಾಡಿ ನೋಡಿದರು. ಸುಮಲತಾ "ಹೌದು, ಮುಂದೆ ಹೋಗಿ" ಎಂದಳು. ಆದರೆ ನಾಲ್ವರಿಗೂ ಒಂದೊಂದು ಸೌಟು ಹೆಚ್ಚು ಹಾಕಿದಳು.

ಹತ್ತು ದಿನ ಕಳೆದ ಮೇಲೆ ಯೋಗೇಶ ಸಂಜೆ ಮನೆಗೆ ಬಂದಾಗ ಅವನ ಕೈಯಲ್ಲಿ ಟೈಪ್ ಮಾಡಿದ ಕಾಗದವೊಂದಿತ್ತು. ಎಲ್ಲರೂ ಚಹಾ, ಮಂಡಕ್ಕಿ ಇಟ್ಟುಕೊಂಡು ಕೂತಿದ್ದರು. ಅವನು ಓದಲಿಲ್ಲ, ಮೋಹಿತ್ ಓದಿದ.

"ನಾನು ಸಮಿತಿಯ ನಿಯಮವನ್ನು ಮೀರಿ ತಪ್ಪು ಮಾಡಿದ್ದೇನೆ. ಅತಿಥಿಗಳಿಗೆ ಅಗೌರವವಾಗಿದೆ. ದಯವಿಟ್ಟು ಕ್ಷಮಿಸಬೇಕು. ಇನ್ನು ಮುಂದೆ ಹೀಗೆ ಮಾಡುವುದಿಲ್ಲ."

"ಇದಕ್ಕೆ ಸಹಿ ಹಾಕಿದ್ರೆ ನಲವತ್ತೆರಡರ ಮೊದಲನೇ ಬಹುಮಾನ ಕೊಡ್ತಾರಂತೆ," ಎಂದ ಯೋಗೇಶ. "ಕಪ್ಪು, ಪ್ರಮಾಣಪತ್ರ ಎರಡೂ. ಇಲ್ಲದಿದ್ರೆ ಎರಡನೆಯವಳಿಗೆ ಹೋಗ್ತದೆ. ಶಿಬಿರಕ್ಕೆ ಅರ್ಜಿ ಹಾಕಕ್ಕೆ ಇನ್ನು ಒಂದೇ ವಾರ."

"ನಿಮಗೆ ಎಂತ ಅಂದ್ರು?" ಎಂದಳು ದೀಪಶ್ರೀ.

"ನಂಗೆ ಎಂತದೂ ಇಲ್ಲ."

"ಅಪ್ಪ."

ಯೋಗೇಶ ಮಂಡಕ್ಕಿಯನ್ನು ಬೆರಳಲ್ಲಿ ಕಲಸುತ್ತ ಕೂತ. "ಫೋನು ಎತ್ತಲಿಲ್ಲ ಅಂತ ಸಿಟ್ಟಿದೆ. ಬೇರೆ ಡ್ರೈವರ್ ನೋಡ್ಬೇಕಾಗ್ತದೆ ಅಂದ್ರು. ಸಿಟ್ಟಲ್ಲಿ ಅಂದಿದ್ದು."

ದೀಪಶ್ರೀ ಎದ್ದು ಬ್ಯಾಗಿನಿಂದ ಪೆನ್ನು ತಂದಳು. ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಅವಳ ಕಣ್ಣು ತುಂಬಿತ್ತು. ಆದರೆ ಅಪ್ಪನ ಕಡೆ ನೋಡಿ ನಗಲು ಪ್ರಯತ್ನಪಟ್ಟಳು. "ಒಂದು ಸಹಿ ತಾನೇ ಅಪ್ಪ. ಹೋಗ್ಲಿ ಬಿಡಿ."

"ತಡಿ," ಎಂದಳು ಸುಮಲತಾ.

ಅವಳು ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿದಳು. "ಮೋಹಿತಾ, ನೀನು ಅರ್ಧಕ್ಕೇ ವ್ಯಾನು ಹತ್ತಿದ್ಯಲ್ಲ, ನಿನ್ನ ಹತ್ರ ಕ್ಷಮಾಪಣೆ ಬರೆಸಿಕೊಂಡ್ರಾ?"

"ಇಲ್ಲ ಅಮ್ಮ. ಎಳನೀರು ಕೊಟ್ರು."

"ಅರ್ಧಕ್ಕೆ ಇಳಿದವನಿಗೆ ಎಳನೀರು. ಪೂರ್ತಿ ಹೋದವಳು ಎಂತಕ್ಕೆ ಕ್ಷಮೆ ಕೇಳ್ಬೇಕು?"

"ಸುಮಾ, ಕೆಲಸದ ವಿಷಯ," ಎಂದ ಯೋಗೇಶ.

"ಗೊತ್ತು. ನಂಗೂ ಹೆದರಿಕೆ ಆಗ್ತದೆ. ನೀರಿಗೆ, ಪಾತ್ರೆಗೆ ನಾನೇ ಇವಳನ್ನ ಬೈದವಳು. ಈಗಲೂ ಬೈತೀನಿ. ಆದ್ರೆ ಇದು ಬೇರೆ. ಮಾಡದ ತಪ್ಪನ್ನ ಮಾಡಿದೀನಿ ಅಂತ ಇವಳು ನಿಮಗೋಸ್ಕರ ಬರೆದುಕೊಟ್ರೆ, ನಾಳೆ ನೀವು ಅನ್ನ ಹೆಂಗೆ ಉಣ್ತೀರಿ? ನಾನು ಹೆಂಗೆ ಬಡಿಸ್ಲಿ?"

ಶಾಂತಕ್ಕ ಮೂಲೆಯಿಂದ, "ನಾವೆಲ್ಲ ಸುಮ್ಮನೇ ಹೆಬ್ಬೆಟ್ಟು ಒತ್ತಿದವರು ಯೋಗೇಶಾ. ಈ ಹುಡುಗಿ ಓದಿದವಳು," ಎಂದಳು.

ಯೋಗೇಶ ಬೆರಳಿಗಂಟಿದ ಮಂಡಕ್ಕಿ ಕೊಡವಿಕೊಂಡ. ಆಮೇಲೆ ಮಗಳ ಮೊಣಕಾಲ ಮೇಲಿದ್ದ ಕಾಗದವನ್ನು ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿದ.

ಮರುದಿನ ಅದನ್ನು ಸುಂದರೇಶರ ಮೇಜಿನ ಮೇಲೆ ಇಟ್ಟ.

"ಸಹಿ ಎಲ್ಲಿ?"

"ಅವಳು ಹಾಕಲ್ಲ ಸುಂದರೇಶಣ್ಣ."

"ಅವಳು ಹಾಕಲ್ವಾ, ನೀನು ಹಾಕಿಸಲ್ವಾ?"

"ಹಾಕಕ್ಕೆ ಬಂದ್ಲು. ನಾನೇ ಹಾಕಿಸ್ಲಿಲ್ಲ. ನಾನು ಐವತ್ತು ಕಿಲೋಮೀಟರು ಅವಳ ಹಿಂದೆ ಗಾಡಿ ಓಡಿಸಿದೀನಿ. ಅವಳು ತಪ್ಪು ಮಾಡಿದ್ದು ನನ್ನ ಕಣ್ಣಿಗೆ ಬೀಳ್ಲಿಲ್ಲ."

ಸುಂದರೇಶರು ಕಿಟಕಿಯ ಕಡೆ ತಿರುಗಿದರು. ಕೆಲಸದಿಂದ ತೆಗೆಯಲಿಲ್ಲ. ಶೃಂಗೇರಿಯ ಬಸ್ಸಿನಿಂದ ತೆಗೆದು ನಸುಕಿನ ಶಿವಮೊಗ್ಗದ ಬಸ್ಸಿಗೆ ಹಾಕಿದರು. ಈಗ ಯೋಗೇಶ ನಾಲ್ಕೂವರೆಗೆ ಎದ್ದು ಹೊರಡಬೇಕು. ಅಜ್ಜಿ ಎದ್ದು ದೋಸೆ ಹುಯ್ಯುವುದು ಬೇಡವೆಂದು ಅವನೇ ಒಲೆ ಹಚ್ಚಿ ಚಹಾ ಕಾಸಿಕೊಳ್ಳಲು ಕಲಿತ. ಮೊದಮೊದಲು ಸಕ್ಕರೆ ಎಲ್ಲಿದೆ ಎಂದು ಕೇಳಲು ಸುಮಲತಾಳನ್ನು ಎಬ್ಬಿಸಿ ಬೈಸಿಕೊಳ್ಳುತ್ತಿದ್ದ.

ಶಿಬಿರಕ್ಕೆ ಅರ್ಜಿ ಹಾಕುವ ದಿನ ದಾಟಿತು. ದೀಪಶ್ರೀ ಎರಡು ದಿನ ಸೈಕಲ್ ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದಳು.

ಮಾರ್ಚ್ ಮಧ್ಯದ ಒಂದು ಶನಿವಾರ ಮಧ್ಯಾಹ್ನ, ಚೀಲವೊಂದನ್ನು ಎದೆಗವಚಿಕೊಂಡ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ನೆಮ್ಮಾರಿನ ಅರ್ಪಣಾ, ಎರಡನೆಯವಳಾಗಿ ಬಂದಿದ್ದವಳು. ಚೀಲದಲ್ಲಿ ಬಹುಮಾನದ ಕಪ್ಪು ಇತ್ತು.

"ಇದು ನಿಮ್ದು ಅಕ್ಕ. ಮನೇಲಿ ಇಟ್ಕಳಕ್ಕೆ ಆಗ್ತಿಲ್ಲ ನಂಗೆ. ನೋಡಿದಾಗೆಲ್ಲ ಹಿಂಸೆ."

"ನೀನು ಕಷ್ಟಪಟ್ಟು ಹೊಡೆದಿದೀಯ.  ನಂಗೆ ಅವರು ಕೊಡಲ್ಲ ಅಂದ್ರೆ ಅದು ನಿನ್ನ ತಪ್ಪಲ್ಲ. ಇಟ್ಕೋ."

"ನಂಗೂ ಮುಂದೆ ಹೋಗ್ಬೇಕು ಅನ್ನಿಸ್ತು ಅಕ್ಕ. ಶೃಂಗೇರಿ ದಾರಿ ನಮ್ಮನೆ ದಾರಿ. ಕಾಲಲ್ಲಿ ಶಕ್ತಿ ಇತ್ತು. ಹಾರ ಕಂಡು ನಿಂತುಬಿಟ್ಟೆ." ಅರ್ಪಣಾ ಕಣ್ಣೊರೆಸಿಕೊಂಡಳು. ಆಮೇಲೆ ಚೀಲದ ತಳದಿಂದ ಒಂದು ಹಾಳೆ ತೆಗೆದಳು. "ಆ ದಿನ ಬಂದಿದ್ದ ಹುಡುಗೀರನ್ನೆಲ್ಲ ಫೋನಲ್ಲಿ ಹಿಡಿದೆ. ಮುಂದಿನ ವರ್ಷ ನಮಗೂ ನೂರು ಬೇಕು, ಬಹುಮಾನನೂ ಸಮ ಬೇಕು ಅಂತ ಸಮಿತಿಗೆ ಬರೀತಿದೀವಿ. ಹದಿಮೂರು ಜನ ಒಪ್ಪಿದಾರೆ. ಮೊದಲ ಹೆಸರು ನಿಮ್ದು ಬರೀಲಾ ಅಂತ ಕೇಳಕ್ಕೆ ಬಂದೆ."

ದೀಪಶ್ರೀ ಹಾಳೆಯನ್ನು ಓದಿದಳು. "ಮೊದಲ ಹೆಸರು ನೀನೇ ಬರಿ. ಅವರ ಲೆಕ್ಕದಲ್ಲಿ ಗೆದ್ದವಳು ನೀನು. ನಿನ್ನ ಮಾತು ತೆಗೆದುಹಾಕಕ್ಕೆ ಆಗಲ್ಲ. ನಂದು ಕೊನೇಲಿರ್ಲಿ."

"ಕೊನೇಲಾ?"

"ಕೊನೇವರೆಗೆ ಹೋದವಳಲ್ವಾ," ಎಂದು ಮೋಹಿತ್ ನಕ್ಕ. ಸುಮಲತಾ ಒಳಗಿನಿಂದ, "ಮೋಹಿತಾ, ಮಾತು ಸಾಕು. ಆ ಹುಡುಗಿಗೆ ತಟ್ಟೆ ಹಾಕು," ಎಂದಳು. ಅವನು ಹಾಕಿದ.

ಏಪ್ರಿಲ್ ಮೊದಲ ವಾರ ಸಮಿತಿಯಿಂದ ಉತ್ತರ ಬಂತು. ಇಚ್ಛೆಯುಳ್ಳ ಮಹಿಳೆಯರಿಗೆ ಮುಂದಿನ ವರ್ಷ ನೂರು ಕಿಲೋಮೀಟರಿಗೆ ಅವಕಾಶ ಕೊಡಲಾಗುವುದು. ಬಹುಮಾನದ ವಿಷಯ ಪರಿಶೀಲನೆಯಲ್ಲಿದೆ. ದೀಪಶ್ರೀ ಎರಡನೇ ಸಾಲನ್ನು ಓದಿ, "ಇದಕ್ಕೂ ಬರೀಬೇಕು" ಎಂದಳು. ಅರ್ಪಣಾ ಫೋನಿನಲ್ಲಿ "ಬರೆಯೋಣ ಅಕ್ಕ" ಎಂದಳು.

ಆ ತಿಂಗಳ ಕೊನೆಯ ಭಾನುವಾರ ಸುಮಲತಾ ಶೃಂಗೇರಿಯಲ್ಲಿದ್ದ ಬಿಸಿಯೂಟದ ಅಡುಗೆಯವರ ಸಭೆಗೆ ಬಸ್ ಹತ್ತಿದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಹರಿಹರಪುರ ದಾಟಿ ಸ್ವಲ್ಪ ದೂರದಲ್ಲಿ ಬಸ್ಸು ಏರಿಗೆ ನಿಧಾನವಾದಾಗ ಮುಂದೆ ಎರಡು ಸೈಕಲ್ಲು ಕಂಡವು. ಒಂದರ ಹಿಂದೆ ಒಂದು. ಮುಂದಿದ್ದವಳು ಅರ್ಪಣಾ, ಹಿಂದಿದ್ದವಳು ದೀಪಶ್ರೀ. ಇಬ್ಬರೂ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದರು. ಬಸ್ಸು ಪಕ್ಕಕ್ಕೆ ಬಂದಾಗ ಮಗಳ ಮುಖ ಒಂದು ಮೊಳ ದೂರದಲ್ಲಿತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವಳು ಬಸ್ಸಿನ ಕಡೆ ನೋಡಲಿಲ್ಲ. ಕಣ್ಣು ರಸ್ತೆಯ ಮೇಲೆ ನೆಟ್ಟಿತ್ತು. ನೀರು ತರುವಾಗ, ಪಾತ್ರೆ ತೊಳೆಯುವಾಗ ಬಾಗಿಲಿನಿಂದ ನೋಡಿದ ಮುಖವಲ್ಲ ಅದು. ಇಷ್ಟು ದಿನ ಮಗಳು ಹೀಗೆ ಸೈಕಲ್ ಹೊಡೆಯುವುದನ್ನು ಸುಮಲತಾ ಕಣ್ಣಾರೆ ನೋಡಿಯೇ ಇರಲಿಲ್ಲ.

ಪಕ್ಕದ ಸೀಟಿನ ಮುದುಕರು ಬಗ್ಗಿ ನೋಡಿದರು. "ಯಾರ ಮಕ್ಕಳೋ ಪಾಪ. ಈ ಬಿಸಿಲಲ್ಲಿ ಎಲ್ಲಿವರೆಗೆ ಹೋಗ್ತಾರೋ."

"ಹಿಂದಿನವಳು ನನ್ನ ಮಗಳು," ಎಂದಳು ಸುಮಲತಾ. "ಶೃಂಗೇರಿವರೆಗೆ ಹೋಗಿ, ತಿರುಗಿ ಕೊಪ್ಪಕ್ಕೆ ಬಂದು, ಆಮೇಲೆ ನರಸಿಂಹರಾಜಪುರಕ್ಕೆ ಹೋಗಿ ಬರ್ತಾಳೆ."

"ಅಯ್ಯೋ! ಹೆಣ್ಣುಮಕ್ಕಳಿಗೆ ಎಂತಕ್ಕಮ್ಮ ಅಷ್ಟು ದೂರ?"

ಸುಮಲತಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಎರಡೂ ಸೈಕಲ್ಲುಗಳು ಬಸ್ಸಿನ ಹಿಂದೆ ಏರಿನ ತುದಿ ಮುಟ್ಟುತ್ತಿದ್ದವು.

"ರಸ್ತೆ ಅಷ್ಟು ದೂರ ಇದೆಯಲ್ಲ," ಎಂದಳು.